ಕ್ಯಾನ್ಸರ್ ಸಂಶೋಧನೆಗೆ ಕೋಳಿಮೊಟ್ಟೆ ಬಂದ ದಾರಿ

ಮೈಸೂರಿನ ಮಾನಸಗಂಗೋತ್ರಿಯ ಅನ್ವಯಿಕ ಸಸ್ಯಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನ ವಿಭಾಗದಿಂದ 2002ರಲ್ಲಿ ಒಂದು ಪ್ರಬಂಧ ಹೊರಬಂತು. ಕ್ಯಾನ್ಸರ್ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ಅರಿಶಿನದ ಕರ್ಕ್ಯುಮಿನ್ ಹೇಗೆ ತಡೆಯುತ್ತದೆ ಅನ್ನೋದು ಅದರ ವಿಷಯ. ಇಂಥ ಪರೀಕ್ಷೆಗಳಿಗೆ ಅಲ್ಲಿನ ತಂಡ ಇಲಿಗಳ ಜೊತೆಗೆ ಕೋಳಿಮೊಟ್ಟೆಯನ್ನೂ ಬಳಸಿದೆ. ಅರಿಶಿನ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಮಾತ್ರ ದಯವಿಟ್ಟು ಅಂದುಕೊಳ್ಳಬೇಡಿ. ಬಾಯಿಂದ ತೆಗೆದುಕೊಂಡ ಕರ್ಕ್ಯುಮಿನ್ ರಕ್ತಕ್ಕೆ ಸೇರೋದೇ ತೀರಾ ಕಡಿಮೆ.

ಕೋಳಿ-ಮೊಟ್ಟೆಗೂ ಕ್ಯಾನ್ಸರ್ ಸಂಶೋಧನೆಗೂ ಇರುವ ನಂಟು ನೂರು ವರ್ಷಕ್ಕಿಂತ ಹಳೆಯದು. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ ಅವರ ಹತ್ತಿರ ಗಡ್ಡೆ ಬೆಳೆದ ಒಂದು ಕೋಳಿಯನ್ನು ತಂದರು. ಆ ಗಡ್ಡೆಯನ್ನು ಅರೆದು, ಜೀವಕೋಶವೂ ದಾಟದಷ್ಟು ಸಣ್ಣದಾಗಿ ಸೋಸಿ, ಬಂದ ರಸವನ್ನು ಬೇರೆ ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆ ಬಂತು. ವೈರಸ್‌ನಿಂದಲೂ ಕ್ಯಾನ್ಸರ್ ಬರಬಹುದು ಎಂಬ ಈ ಸುಳಿವು 1911ರಲ್ಲಿ ಪ್ರಕಟವಾಯಿತು. ನೊಬೆಲ್ ಸಿಕ್ಕಿದ್ದು 1966ರಲ್ಲಿ, ರೌಸ್ ಅವರಿಗೆ 87 ಆದಾಗ.

ರೌಸ್ ಜೊತೆಗಿದ್ದ ಜೇಮ್ಸ್ ಮರ್ಫಿ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ನನಗೆ ಜಾಸ್ತಿ ಮೆಚ್ಚಿಗೆಯಾಗೋದು ಅವರ ಕೆಲಸವೇ. ಇಲಿಯ ಗಡ್ಡೆಯನ್ನು ಬೆಳೆದ ಕೋಳಿಗೆ ಕಸಿ ಮಾಡಿದರೆ ಅದು ಉಳಿಯುವುದಿಲ್ಲ. ಮೊಟ್ಟೆಯೊಳಗಿನ ಭ್ರೂಣದಲ್ಲಿ ಮಾತ್ರ ಸೊಂಪಾಗಿ ಬೆಳೆಯಿತು. ಸುಮಾರು 18ನೇ ದಿನದ ಹೊತ್ತಿಗೆ ಭ್ರೂಣಕ್ಕೂ ಹೊರಗಿನದನ್ನು ತಳ್ಳಿಹಾಕುವ ಶಕ್ತಿ ಬರುತ್ತಿತ್ತು. ಬೆಳೆದ ಕೋಳಿಯ ಗುಲ್ಮದ (ಬಿಳಿ ರಕ್ತಕಣಗಳು ತುಂಬಿರುವ ಅಂಗ, ಸ್ಪ್ಲೀನ್) ಚೂರನ್ನು ಗಡ್ಡೆಯ ಜೊತೆ ಇಟ್ಟರೆ, ಆ ಶಕ್ತಿ ಮೊದಲೇ ಬಂದು ಗಡ್ಡೆ ಸಾಯುತ್ತಿತ್ತು. ರೋಗನಿರೋಧಕ ಶಕ್ತಿಗೂ ಬಿಳಿ ರಕ್ತಕಣಗಳಿಗೂ ಇರುವ ಸಂಬಂಧ ಹೀಗೆ 1910ರ ದಶಕದಲ್ಲೇ ಮೊಟ್ಟೆಯೊಳಗೆ ಕಂಡಿತ್ತು.

ಮುಂದಿನ ದೊಡ್ಡ ತಿರುವು 1971ರದ್ದು. ಹೊಸ ರಕ್ತನಾಳ ಸಿಗದಿದ್ದರೆ ಗಡ್ಡೆ ದೊಡ್ಡದಾಗಲಾರದು ಎಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ವಾದಿಸಿದರು. ಅದನ್ನು ಕಣ್ಣಾರೆ ನೋಡೋಕೆ ಮೊಟ್ಟೆಗಿಂತ ಒಳ್ಳೆ ಜಾಗ ಯಾವುದು?

ಅಂಗಡಿಯ ಮೊಟ್ಟೆ ಇದಕ್ಕೆ ಆಗುವುದಿಲ್ಲ, ಹ್ಯಾಚರಿಯಿಂದ ತಂದ ಮರಿಯಾಗುವ ಮೊಟ್ಟೆಯೇ ಬೇಕು. 37 ಡಿಗ್ರಿ ಚಿಲ್ಲರೆ ಶಾಖದಲ್ಲಿ ಕಾವು ಕೊಟ್ಟು, ಎಂಟು-ಹತ್ತು ದಿನಕ್ಕೆ ಬೆಳಕಿಗೆ ಹಿಡಿದರೆ ಕೆಂಪು ನಾಳಗಳ ಬಲೆ ಕಾಣುತ್ತದೆ. ಭ್ರೂಣ ಉಸಿರಾಡುವುದು ಚಿಪ್ಪಿನ ಒಳಗೆ ಹರಡಿರುವ ಆ ಪೊರೆಯ ಮೂಲಕವೇ. ದಪ್ಪ ತುದಿಯಲ್ಲೊಂದು, ಪಕ್ಕದಲ್ಲೊಂದು ಸಣ್ಣ ತೂತು ಮಾಡಿ, ತುದಿಯ ಗಾಳಿಯನ್ನು ಮೆಲ್ಲಗೆ ಎಳೆದರೆ ಪಕ್ಕದಲ್ಲಿ ಪೊರೆ ಚಿಪ್ಪು ಬಿಟ್ಟು ಕೆಳಗಿಳಿಯುತ್ತದೆ. ಅಲ್ಲಿ ಚಿಪ್ಪನ್ನು ಕಿಟಕಿಯಷ್ಟು ಕತ್ತರಿಸಿ, ಕ್ಯಾನ್ಸರ್ ಕೋಶಗಳನ್ನಿಟ್ಟು, ಟೇಪ್ ಹಚ್ಚುತ್ತಾರೆ. ಕೆಲವೇ ದಿನಗಳಲ್ಲಿ ನಾಳಗಳು ಗಾಡಿಚಕ್ರದ ಕಡ್ಡಿಗಳ ಹಾಗೆ ಸುತ್ತಲಿಂದ ಗಡ್ಡೆಯ ಕಡೆ ಬರುತ್ತವೆ. ಔಷಧಿ ಹಾಕಿದ ಮೊಟ್ಟೆಯಲ್ಲಿ ಅವು ಕಡಿಮೆಯಾದವಾ ಅಂತ ಎಣಿಸಿ ನೋಡಬಹುದು.

ಮಿತಿಗಳೂ ಇವೆ. ನಿರೋಧಕ ಶಕ್ತಿ ಇನ್ನೂ ಬಲಿತಿಲ್ಲ ಅನ್ನೋದೇ ಮನುಷ್ಯರ ಗಡ್ಡೆ ಇಲ್ಲಿ ಬೆಳೆಯೋಕೆ ಕಾರಣ. ಅದೇ ಕಾರಣಕ್ಕೆ ಇಮ್ಯುನೋಥೆರಪಿಯ, ಅಂದರೆ ದೇಹದ ನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆಯ, ಔಷಧಿಗಳನ್ನು ಇಲ್ಲಿ ಪರೀಕ್ಷಿಸೋದು ಕಷ್ಟ. 21ನೇ ದಿನಕ್ಕೆ ಮರಿ ಹೊರಬರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ನೋಡುವ ಪರೀಕ್ಷೆ ಸಾಧ್ಯವಿಲ್ಲ.

ಯುರೋಪಿನ 2010ರ ಪ್ರಾಣಿ ಸಂರಕ್ಷಣಾ ನಿರ್ದೇಶನದ ವ್ಯಾಪ್ತಿಗೆ ಹಕ್ಕಿ ಭ್ರೂಣ ಬರುವುದಿಲ್ಲ. ಹಾಗಂತ ಮನಬಂದಂತೆ ಬಳಸೋಕೆ ಆಗಲ್ಲ, ಅದೂ ಜೀವವೇ ಅಲ್ವಾ. ಆದರೆ ಕೆಲಸಕ್ಕೆ ಬಾರದ ಔಷಧಿ ಇಲ್ಲೇ ಗೊತ್ತಾದರೆ ಎಷ್ಟೋ ಇಲಿಗಳಿಗೆ ನೋವು ತಪ್ಪುತ್ತದೆ. 2023ರಲ್ಲಿ ಭಾರತವೂ ಹೊಸ ಔಷಧಿಗಳ ನಿಯಮ ತಿದ್ದಿ, ಪ್ರಾಣಿಪ್ರಯೋಗಕ್ಕೆ ಬದಲಿ ವಿಧಾನಗಳನ್ನು ಒಪ್ಪಿದೆ. ಇಲಿ ಬೇಕು ಅಂತ ಅರ್ಜಿ ಬಂದಾಗ, ಮೊಟ್ಟೆಯಲ್ಲಿ ನೋಡಿದ್ದೀರಾ ಅಂತ ನಮ್ಮೂರಿನ ಕಾಲೇಜುಗಳ ಪ್ರಾಣಿ ನೀತಿ ಸಮಿತಿಗಳು ಮೊದಲು ಕೇಳಬೇಕು.