ಮಾಡೆಲ್ ನಂಬರ್ ಒಂದೇ ಸಾಲದು

ಹಳೇ ಆಸಿಲೋಸ್ಕೋಪ್ (ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ, ಚಿಕ್ಕದಾಗಿ ಸ್ಕೋಪ್) ಕೆಟ್ಟಿದೆ, ಮ್ಯಾನುಯಲ್ ಎಲ್ಲಿ ಸಿಗುತ್ತೆ ಅಂತ ಕೇಳಿಕೊಂಡು ಬರುವವರು ಬಹಳ. ಸೀರಿಯಲ್ ನಂಬರ್ ಎಷ್ಟು ಅಂದರೆ, "ಮಾಡೆಲ್ ಹೇಳಿದೆನಲ್ಲ ಸರ್, ಅದೇ ಸಾಲಲ್ವಾ?" ಅನ್ನುತ್ತಾರೆ. ಸಾಲದು.

ಬಳಸೋದು ಹೇಗೆ ಅಂತ ಹೇಳುವ ಪುಸ್ತಕ ಬೇರೆ, ರಿಪೇರಿಗೆ ಬೇಕಾದ ಸರ್ಕ್ಯೂಟ್ ಚಿತ್ರ, ಬಿಡಿಭಾಗಗಳ ಪಟ್ಟಿ ಇರುವ ಸರ್ವಿಸ್ ಮ್ಯಾನುಯಲ್ ಬೇರೆ ಅನ್ನೋದು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ. ಹುಡುಕೋದೂ ಈಗ ಅಂಥ ಕಷ್ಟವಲ್ಲ. ಟೆಕ್‌ಟ್ರಾನಿಕ್ಸ್ ಕಂಪನಿಯದಾದರೆ ಟೆಕ್‌ವಿಕಿ ಅನ್ನುವ ತಾಣ ಇದೆ. ಎಚ್‌ಪಿಯ ಅಳತೆ ಉಪಕರಣಗಳ ವಿಭಾಗ 1999ರಲ್ಲಿ ಅಜಿಲೆಂಟ್‌ಗೆ ಹೋಯಿತು, 2014ರಲ್ಲಿ ಕೀಸೈಟ್ ಆಯಿತು. ಹಾಗಾಗಿ ಹಳೇ ಎಚ್‌ಪಿ ಮ್ಯಾನುಯಲ್‌ಗಳನ್ನು ಮೊದಲು ಕೀಸೈಟ್ ತಾಣದಲ್ಲೇ ನೋಡಿ, ಪುಕ್ಕಟೆ ಸಿಗುತ್ತವೆ. ಕಾಲೇಜು ಲ್ಯಾಬ್‌ನಲ್ಲಿರುವ ಇಂದೋರಿನ ಸೈಂಟಿಫಿಕ್ ಕಂಪನಿಯ ಎಚ್‌ಎಂ 203 ಸ್ಕೋಪ್‌ಗೆ ಏನೂ ಸಿಗಲಿಲ್ಲ ಅಂತ ಕೈಚೆಲ್ಲಬೇಡಿ. ಅದರ ಮೂಲ ಜರ್ಮನಿಯ ಹಾಮೆಗ್. ಆ ಹೆಸರಲ್ಲಿ ಹುಡುಕಿ. ಹುಡುಕುವಾಗ 203-4, 203-5, 203-6 ಅಂತ ಕೊನೆಗಿರುವ ಅಂಕಿ ಬಿಡಬೇಡಿ, ಒಳಗಿನ ಸರ್ಕ್ಯೂಟ್ ಒಂದೇ ಅಲ್ಲ.

ಈಗ ಸೀರಿಯಲ್ ನಂಬರ್ ವಿಷಯ. ಒಂದೇ ಮಾಡೆಲನ್ನು ಕಂಪನಿ ವರ್ಷಗಟ್ಟಲೆ ಮಾಡುತ್ತೆ. ಆ ನಡುವೆ ಟ್ರಾನ್ಸಿಸ್ಟರ್ ಬದಲಾಗುತ್ತೆ, ಬೋರ್ಡೇ ಬದಲಾಗುತ್ತೆ. ಹೊರಗಿನ ಹೆಸರು ಮಾತ್ರ ಅದೇ. ಹಳೇ ಎಚ್‌ಪಿ ಉಪಕರಣದ ಹಿಂಬದಿ ನೋಡಿ. 2212ಎ00123 ಅಂತ ಇದೆ ಅಂದುಕೊಳ್ಳಿ. ಮೊದಲ 22ಕ್ಕೆ 1960 ಕೂಡಿಸಿ, 1982 ಬರುತ್ತೆ. ಮುಂದಿನ 12 ಅಂದರೆ ಆ ವರ್ಷದ ಹನ್ನೆರಡನೇ ವಾರ. 'ಎ' ಅಂದರೆ ಅಮೆರಿಕದಲ್ಲಿ ಮಾಡಿದ್ದು. ಇಲ್ಲೇ ಎಲ್ಲರೂ ಎಡವೋದು: ಅದು ನಿಮ್ಮ ಪೆಟ್ಟಿಗೆ ತಯಾರಾದ ದಿನ ಅಲ್ಲ. ವಿನ್ಯಾಸ ಕೊನೆಯ ಸಲ ಬದಲಾಗಿದ್ದು ಯಾವಾಗ ಅಂತ ಅದು ಹೇಳುತ್ತೆ. ಮುಂದಿನ ಬದಲಾವಣೆ ಆಗುವ ತನಕ ಆ ನಾಲ್ಕು ಅಂಕಿ ಹಾಗೇ ಇರುತ್ತೆ. ಮ್ಯಾನುಯಲ್‌ನ ಮೊದಲ ಪುಟದಲ್ಲಿ, ಇದು ಇಂಥ ಅಂಕಿಯವಕ್ಕೆ ಅಂತ ಬರೆದಿರುತ್ತಾರೆ. ಎರಡೂ ತಾಳೆಯಾದರೆ ಮಾತ್ರ ಅದರಲ್ಲಿರುವ ಸರ್ಕ್ಯೂಟ್ ಚಿತ್ರ ನಂಬಿ. ಎಲ್ಲ ಕಂಪನಿಯ ನಂಬರೂ ಇಷ್ಟು ಹೇಳುತ್ತೆ ಅನ್ನಲಾರೆ, ಹೀಗೆ ಓದುವ ಕ್ರಮ ಎಚ್‌ಪಿಯದು.

ಟೆಕ್‌ಟ್ರಾನಿಕ್ಸ್‌ನಲ್ಲಿ ಇದೇ ಸಂಗತಿ ಬಿಡಿಭಾಗಗಳ ಪಟ್ಟಿಯಲ್ಲಿ ಸಿಗುತ್ತೆ. ಪ್ರತಿ ಸಾಲಿನಲ್ಲೂ ಎರಡು ಸಣ್ಣ ಕಾಲಂ: ಯಾವ ಸೀರಿಯಲ್‌ನಿಂದ ಈ ಭಾಗ ಶುರು, ಯಾವುದಕ್ಕೆ ನಿಲ್ಲಿಸಿದರು. ಒಂದೇ ರೆಸಿಸ್ಟರ್ ಒಂದರ ಕೆಳಗೊಂದು ಎರಡು ಸಲ ಬಂದು, ಓಮ್‌ನ ಅಂಕಿ ಬೇರೆ ಇದ್ದರೆ ಅದು ಅಚ್ಚಿನ ತಪ್ಪಲ್ಲ.

ಒಬ್ಬ ಹುಡುಗ ಟೆಕ್‌ಟ್ರಾನಿಕ್ಸ್ 465 ತಂದಿದ್ದ. 100 ಮೆಗಾಹರ್ಟ್ಸ್‌ನ ಒಳ್ಳೇ ಸ್ಕೋಪ್. ಬಂದ ದೋಷ ಸಣ್ಣದು, ಪವರ್ ಸಪ್ಲೈನ ಒಂದು ಕೆಪಾಸಿಟರ್. ಆದರೆ ಅವನು ಮ್ಯಾನುಯಲ್ ಪಕ್ಕಕ್ಕಿಟ್ಟುಕೊಂಡು, "ಓಮ್‌ನ ಅಂಕಿ ತಪ್ಪಿದೆ" ಅಂತ ಚೆನ್ನಾಗಿದ್ದ ರೆಸಿಸ್ಟರ್‌ಗಳನ್ನೇ ಕಿತ್ತು ಹೊಸದು ಹಾಕಿದ್ದ. ಮ್ಯಾನುಯಲ್ ಬೇರೆ ಸೀರಿಯಲ್‌ನದು! ಬೆಸುಗೆ ಮಾತ್ರ ಎಷ್ಟು ಚೊಕ್ಕವಾಗಿತ್ತು ಅಂದರೆ, ಬೈಯಲು ಮನಸ್ಸೇ ಬರಲಿಲ್ಲ. ಕಿತ್ತಿದ್ದನ್ನು ಡಬ್ಬಿಯಲ್ಲಿ ಹೆಸರು ಬರೆದು ಇಟ್ಟಿದ್ದ, ಅದರಿಂದ ಸ್ಕೋಪ್ ಉಳಿಯಿತು. ಪಿಕ್ಚರ್ ಟ್ಯೂಬ್‌ಗೆ ಸಾವಿರಾರು ವೋಲ್ಟ್ ಹೋಗುವ ಕಡೆ ತಪ್ಪು ಸರ್ಕ್ಯೂಟ್ ನಂಬಿ ಕೈ ಹಾಕಿದ್ದರೆ? ಅದಕ್ಕೇ ಇಷ್ಟು ಒತ್ತಿ ಹೇಳೋದು.

ಸರಿಯಾದ ಮ್ಯಾನುಯಲ್ ಸಿಗದಿದ್ದರೆ ಹತ್ತಿರದ್ದೇ ಇಳಿಸಿಕೊಳ್ಳಿ, ಕೊನೆಯ ಕಡೆಯ ಅಧ್ಯಾಯಗಳನ್ನು ನೋಡಿ. ಎಚ್‌ಪಿಯಲ್ಲಿ ಹಳೇ ಸೀರಿಯಲ್‌ಗಳಿಗೆ ಏನೇನು ಬದಲಿಸಿ ಓದಬೇಕು ಅಂತ ಎಷ್ಟೋ ಸಲ ಅಲ್ಲೇ ಇರುತ್ತೆ. ಹೊಸ ಸೀರಿಯಲ್‌ಗಳ ಬದಲಾವಣೆ ಮಾತ್ರ ಬಿಡಿ ಹಾಳೆಗಳಲ್ಲಿ ಬರುತ್ತಿತ್ತು. ಸ್ಕ್ಯಾನ್ ಮಾಡುವವರು ಬಿಡೋದು ಅದನ್ನೇ. ಮಡಚಿದ ದೊಡ್ಡ ಸರ್ಕ್ಯೂಟ್ ಹಾಳೆಯನ್ನೂ ಅರ್ಧ ಬಿಟ್ಟಿರುತ್ತಾರೆ. ನಿಮ್ಮ ಕಾಲೇಜಿನ ಬೀರುವಿನಲ್ಲಿ ಇಂಥ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹಾಳೆ ಪೂರ್ತಿ ಬಿಡಿಸಿ ಸ್ಕ್ಯಾನ್ ಮಾಡಿ. ಒಳಗೆ ಸಿಕ್ಕಿಸಿದ ಬಿಡಿ ಚೀಟಿಗಳನ್ನೂ ಸೇರಿಸಿ.