‘ಅಶ್ಲೀಲ’ ಎಂದವರು ಯಾರತ್ತ ನೋಡುತ್ತಿದ್ದರು?

ದಾವಣಗೆರೆಯ ಹದಡಿ ರಸ್ತೆ, ಪಿ.ಬಿ. ರಸ್ತೆಗಳಲ್ಲಿ 2000ದ ಆಸುಪಾಸಿನಲ್ಲಿ ಶುರುವಾದ ಸೈಬರ್ ಸೆಂಟರ್‌ಗಳನ್ನು ಕಂಡವರಿಗೆ ಪ್ಲೈವುಡ್ಡಿನ ಇಕ್ಕಟ್ಟಾದ ಕ್ಯಾಬಿನ್‌ಗಳು ನೆನಪಿರುತ್ತವೆ. ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಊರಾದ್ದರಿಂದ ಫಲಿತಾಂಶ ನೋಡಲು, ಇ-ಮೇಲ್ ಕಳಿಸಲು ಬರುವ ವಿದ್ಯಾರ್ಥಿಗಳಿಗೆ ಕಡಿಮೆಯಿರಲಿಲ್ಲ. ಆದರೆ ಕ್ಯಾಬಿನ್ನಿಗೆ ಪರದೆ ಬೇಕಾಗಿದ್ದುದು ಪೋರ್ನೋಗ್ರಫಿ, ಅಂದರೆ ಕಾಮಪ್ರಚೋದಕ ಚಿತ್ರ-ವಿಡಿಯೊ, ನೋಡುವುದಕ್ಕೆಂಬುದು ಅಂಗಡಿಯವರಿಗೂ ಗಿರಾಕಿಗಳಿಗೂ ಗೊತ್ತಿತ್ತು. ಕೇಂದ್ರ ಸರ್ಕಾರ 2011ರಲ್ಲಿ ನಿಯಮ ಮಾಡಿ, ಈ ಕ್ಯಾಬಿನ್ನುಗಳ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದೆಂದು ವಿಧಿಸಿತು. ಅಷ್ಟರಲ್ಲಿ ಜನ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡ್ ತುಂಬಿಸಿಕೊಳ್ಳತೊಡಗಿದ್ದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಅದರ ಅಗತ್ಯವೂ ಉಳಿಯಲಿಲ್ಲ.

ಅಡ್ಡಗೋಡೆಯ ಎತ್ತರ ಅಳೆದ ಆ ನಿಯಮದ ಚಿಂತೆಯೆಲ್ಲ ಕುರ್ಚಿಯಲ್ಲಿ ಕೂತವನ ಬಗ್ಗೆ ಇತ್ತು. ಮಾನಿಟರಿನ ಮೇಲೆ ಕಾಣುತ್ತಿದ್ದವರು ಯಾರು, ಅವರು ಒಪ್ಪಿ ಕ್ಯಾಮೆರಾದ ಮುಂದೆ ನಿಂತಿದ್ದರೇ ಎಂದು ಅದು ಕೇಳಲಿಲ್ಲ. ಈ ಅಭ್ಯಾಸಕ್ಕೆ ದೀರ್ಘ ಚರಿತ್ರೆಯಿದೆ, ಅದರ ಒಂದು ಬೇರು ನಮ್ಮ ಭಾಷೆಯಲ್ಲೇ ಇದೆ. ‘ಅಶ್ಲೀಲ’ ಎಂಬುದು ಅಲಂಕಾರಶಾಸ್ತ್ರದಿಂದ ಬಂದ ಪದ, ಒಂದು ಕಾವ್ಯದೋಷದ ಹೆಸರು. ಲಜ್ಜೆ, ಜುಗುಪ್ಸೆ, ಅಮಂಗಲ ಎಂಬ ಮೂರರಲ್ಲಿ ಯಾವುದನ್ನು ಸೂಚಿಸಿದರೂ ಆ ಮಾತು ಅಶ್ಲೀಲವೆಂದು ಲಾಕ್ಷಣಿಕರು ವಿಂಗಡಿಸಿದರು. ಮೂರೂ ಕೇಳುವ ಸಹೃದಯನಿಗೆ ಆಗುವ ಮುಜುಗರಗಳು. ಬ್ರಿಟಿಷರ ಕಾನೂನೂ ಇದೇ ದಿಕ್ಕಿಗೆ ಮುಖ ಮಾಡಿತ್ತು. ಇಂಗ್ಲೆಂಡಿನ ನ್ಯಾಯಾಲಯ 1868ರಲ್ಲಿ ಹಿಕ್ಲಿನ್ ಪ್ರಕರಣದಲ್ಲಿ, ಸುಲಭವಾಗಿ ಕೆಡಬಲ್ಲ ಮನಸ್ಸುಗಳನ್ನು ಕೆಡಿಸುವ ಪ್ರವೃತ್ತಿ ಬರಹಕ್ಕಿದೆಯೇ ಎಂಬುದನ್ನೇ ಒರೆಗಲ್ಲಾಗಿ ಹಿಡಿಯಿತು. ಭಾರತೀಯ ದಂಡ ಸಂಹಿತೆಯ 292ನೇ ಕಲಮಿನಡಿ ಆ ಒರೆಗಲ್ಲು ಇಲ್ಲೂ ಬಳಕೆಗೆ ಬಂತು. ಇಂಗ್ಲಿಷ್ ಕಾದಂಬರಿಯೊಂದನ್ನು ಮಾರಿದ ಮುಂಬೈಯ ಪುಸ್ತಕ ವ್ಯಾಪಾರಿಯ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1964ರಲ್ಲಿ ಎತ್ತಿಹಿಡಿದದ್ದು ಅದರಿಂದಲೇ. ಅದನ್ನು ಕೈಬಿಟ್ಟು ಸಮಕಾಲೀನ ಸಮಾಜದ ಮಾನದಂಡವನ್ನು ಒಪ್ಪಿಕೊಳ್ಳಲು 2014ರವರೆಗೆ ಕಾಯಬೇಕಾಯಿತು. ಒರೆಗಲ್ಲು ಬದಲಾದರೂ ಅದನ್ನು ಹಿಡಿದ ದಿಕ್ಕು ಬದಲಾಗಲಿಲ್ಲ.

ದಿಕ್ಕನ್ನು ಮೊದಲು ಪ್ರಶ್ನಿಸಿದವರು ಸ್ತ್ರೀವಾದಿಗಳು. ಅಮೆರಿಕದಲ್ಲಿ ಆಂಡ್ರಿಯಾ ಡ್ವಾರ್ಕಿನ್ ಮತ್ತು ಕ್ಯಾಥರೀನ್ ಮ್ಯಾಕಿನನ್ 1983ರಲ್ಲಿ ಮಿನಿಯಾಪೊಲಿಸ್ ನಗರಕ್ಕಾಗಿ ಪೋರ್ನೋಗ್ರಫಿಯ ವಿರುದ್ಧ ಕರಡು ಕಾನೂನೊಂದನ್ನು ಬರೆದು, ಇದು ನೀತಿಯ ವಿಷಯವಲ್ಲ, ಹೆಣ್ಣಿನ ನಾಗರಿಕ ಹಕ್ಕಿನ ವಿಷಯ ಎಂದರು. ಅಲ್ಲಿನ ಮೇಯರ್ ಅದಕ್ಕೆ ಒಪ್ಪಿಗೆ ಕೊಡಲಿಲ್ಲ; ಇಂಡಿಯಾನಾಪೊಲಿಸ್ ನಗರ ಜಾರಿಗೆ ತಂದ ಅಂಥದೇ ಕಾನೂನನ್ನು ನ್ಯಾಯಾಲಯ ವಾಕ್ ಸ್ವಾತಂತ್ರ್ಯದ ನೆಲೆಯಲ್ಲಿ ರದ್ದುಪಡಿಸಿತು. ಸೆನ್ಸಾರ್‌ಶಿಪ್ಪಿನ ಕತ್ತಿ ಕೊನೆಗೆ ಹೆಣ್ಣಿನ ಮಾತನ್ನೇ ಕತ್ತರಿಸುತ್ತದೆಂದು ವಾದಿಸಿದವರೂ ಸ್ತ್ರೀವಾದಿಗಳೇ ಆಗಿದ್ದರು. ಆ ಜಗಳದ ನಡುವೆಯೇ ಸಿನಿಮಾ ವಿದ್ವಾಂಸೆ ಲಿಂಡಾ ವಿಲಿಯಮ್ಸ್ 1989ರಲ್ಲಿ ಈ ಚಿತ್ರಗಳನ್ನು ಸಿನಿಮಾದ ಒಂದು ಪ್ರಕಾರವೆಂದು ಪರಿಗಣಿಸಿ ಅಭ್ಯಾಸ ಮಾಡಿದರು. ಇಂಟರ್ನೆಟ್ಟು ಬಂದ ಮೇಲೆ ಈ ಅಧ್ಯಯನ ಬೆಳೆಯುತ್ತಾ ಹೋಗಿ, 2014ರಲ್ಲಿ ಇದಕ್ಕೆಂದೇ ಒಂದು ವಿದ್ವತ್ ಪತ್ರಿಕೆ ಇಂಗ್ಲೆಂಡಿನಲ್ಲಿ ಹೊರಟಿತು. ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಮ್‌ನ ವಕೀಲೆ ನಮಿತಾ ಮಲ್ಹೋತ್ರಾ ಭಾರತದ ಕಾನೂನು, ವಿಡಿಯೊ, ತಂತ್ರಜ್ಞಾನಗಳನ್ನು ಒಟ್ಟಿಗಿಟ್ಟು 2011ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲೂ ಈ ಚರ್ಚೆ ನಡೆಯಬೇಕೆಂಬುದು ನನ್ನ ಬಯಕೆ, ಏಕೆಂದರೆ ಬೆಲೆ ತೆತ್ತವರು ಕನ್ನಡದವರೂ ಹೌದು.

2000ದ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ಯುವ ಜೋಡಿಯೊಂದರ ಖಾಸಗಿ ವಿಡಿಯೊ ಹೊರಬಿದ್ದು, ಸಿ.ಡಿ.ಯಾಗಿ ಊರೂರು ಸುತ್ತಿತು. ಕನ್ನಡಿಗರು ಅಕ್ಕರೆಯಿಂದ ಹಾಡಿಕೊಳ್ಳುವ ಕವನ ಸಂಕಲನವೊಂದರ ಹೆಸರನ್ನು ಅದಕ್ಕೆ ಅಂಟಿಸಲಾಯಿತು. ಆ ಹೆಸರನ್ನು ಇಲ್ಲಿ ಬರೆದರೆ ಓದುಗರಲ್ಲಿ ಯಾರೋ ಒಬ್ಬರು ಹುಡುಕಲು ಹೊರಡುತ್ತಾರೆ, ಆದ್ದರಿಂದ ಬರೆಯುವುದಿಲ್ಲ. 2004ರಲ್ಲಿ ದೆಹಲಿಯ ಶಾಲಾ ವಿದ್ಯಾರ್ಥಿಗಳ ಎಂಎಂಎಸ್ ತುಣುಕು ಹರಾಜು ಜಾಲತಾಣವೊಂದರಲ್ಲಿ ಮಾರಾಟಕ್ಕೆ ಬಂದಾಗ ಜಾಲತಾಣದ ಮುಖ್ಯಸ್ಥರ ಬಂಧನವಾಯಿತು. ದೇಶದ ಚರ್ಚೆಯೆಲ್ಲ ಕಂಪನಿಯ ಹೊಣೆ ಎಷ್ಟೆಂಬುದರ ಸುತ್ತ ನಡೆಯಿತು.

ಕಾನೂನಿನಲ್ಲಿ ‘ಸಮ್ಮತಿ’ ಎಂಬ ಮಾತು ಕಾಣಿಸಿಕೊಂಡದ್ದು ಆಮೇಲೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಹಿಕ್ಲಿನ್‌ನ ಭಾಷೆಯನ್ನೇ ವಿದ್ಯುನ್ಮಾನಕ್ಕೆ ಒಗ್ಗಿಸಿಕೊಂಡಿತ್ತು. 2008ರ ತಿದ್ದುಪಡಿ ಸೇರಿಸಿದ 66-ಇ ಕಲಮು, ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆಯುವುದನ್ನೂ ಹಂಚುವುದನ್ನೂ ಅಪರಾಧವೆಂದಿತು. ದೆಹಲಿಯ ಅತ್ಯಾಚಾರ ಪ್ರಕರಣದ ನಂತರ 2013ರಲ್ಲಿ ದಂಡ ಸಂಹಿತೆಗೆ ಸೇರಿದ 354-ಸಿ ಇನ್ನೂ ಮುಂದೆ ಹೋಯಿತು: ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ, ಹಂಚಲು ಒಪ್ಪಿರದಿದ್ದರೆ ಹಂಚಿಕೆ ಅಪರಾಧವೇ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 77ನೇ ಕಲಮು. ಈ ಒಂದು ವಿವರಣೆ ಹತ್ತು ನಿಷೇಧಗಳಿಗಿಂತ ದೊಡ್ಡದೆಂದು ನಾನು ತಿಳಿದಿದ್ದೇನೆ. ನಿಷೇಧಗಳೇನೋ ಬಂದವು: 2015ರಲ್ಲಿ 857 ತಾಣಗಳನ್ನು ತಡೆದ ಸರ್ಕಾರ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು, ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇರೆಗೆ 2018ರಲ್ಲಿ ಮತ್ತೆ 827 ತಾಣಗಳನ್ನು ತಡೆಯಲಾಯಿತು.

ಇಷ್ಟಾದರೂ ಸಾರ್ವಜನಿಕ ಮಾತು ಹಳೆಯ ಜಾಡಿನಲ್ಲೇ ಉಳಿಯಿತು. 2012ರ ಫೆಬ್ರವರಿಯಲ್ಲಿ ವಿಧಾನಸಭೆಯೊಳಗೆ ಮೊಬೈಲಿನಲ್ಲಿ ವಿಡಿಯೊ ನೋಡಿದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಸದನದ ಪಾವಿತ್ರ್ಯದ ಬಗ್ಗೆ ದಿನಗಟ್ಟಲೆ ಚರ್ಚೆಯಾಯಿತು. ವಿಡಿಯೊದಲ್ಲಿದ್ದ ಹೆಂಗಸಿನ ಗತಿ ಏನು ಎಂದು ಕೇಳಿದ ದನಿ ನನ್ನ ಕಿವಿಗೆ ಬೀಳಲಿಲ್ಲ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಹಾಸನದಲ್ಲಿ ಪೆನ್‌ಡ್ರೈವ್‌ಗಳ ಮೂಲಕ ಹರಡಿದ ವಿಡಿಯೊಗಳ ವಿಷಯದಲ್ಲಿ ಮಾತ್ರ ವಿಶೇಷ ತನಿಖಾ ತಂಡ, ಅವನ್ನು ಹಂಚುವುದೂ ಅಪರಾಧವೆಂದು ಎಚ್ಚರಿಸಿತು. ಅದೇ ದಿನಗಳಲ್ಲಿ, ಮೇ 7ರ ಮತದಾನಕ್ಕೆ ಸಜ್ಜಾಗುತ್ತಿದ್ದ ನಮ್ಮೂರಿನ ಚಹಾದಂಗಡಿಯಲ್ಲಿ “ನಿನ್ ಹತ್ರ ಐತೇನು?” ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಕೇಳಿದ್ದೇನೆ. ಪೊಲೀಸರ ಮುಂದೆ ಹೇಳಿಕೆ ಕೊಡಬೇಕಾದ ಹೆಣ್ಣುಮಕ್ಕಳು ಆ ವಿಡಿಯೊಗಳಲ್ಲಿದ್ದರು.

ಅದೇ ವರ್ಷದ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್, ಮಕ್ಕಳ ವಿಷಯದಲ್ಲಿ ‘ಪೋರ್ನೋಗ್ರಫಿ’ ಎಂಬ ಪದವನ್ನು ನ್ಯಾಯಾಲಯಗಳು ಇನ್ನು ಬಳಸಬಾರದು, ಅದು ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ದಾಖಲೆ ಎಂದು ಹೇಳಿತು. ವಯಸ್ಕ ಹೆಣ್ಣಿನ ವಿಷಯದಲ್ಲಿ ಪದಗಳ ಅಂಥ ತಿದ್ದುಪಡಿ ಇನ್ನೂ ಆಗಿಲ್ಲ. ಹಾಸನದ ಸುದ್ದಿಗೆ ಕನ್ನಡದ ಶೀರ್ಷಿಕೆಗಳು ಮತ್ತೆ ಮತ್ತೆ ಕೊಟ್ಟ ಹೆಸರು ‘ಅಶ್ಲೀಲ ವಿಡಿಯೊ ಪ್ರಕರಣ’.