ಒಂದು ರೋಗ, ಹತ್ತಾರು ಪಾಲಿಸಿ: ಪರಿಹಾರದ ಹಣ ಯಾವ ವರ್ಷದ್ದು?

ಕಲ್ನಾರಿನ (ಆಸ್ಬೆಸ್ಟಾಸ್) ಧೂಳು ಕುಡಿದ ಕಾರ್ಮಿಕನಿಗೆ ರೋಗ ಗೊತ್ತಾಗುವುದು ಎಷ್ಟೋ ಸಲ 30–40 ವರ್ಷ ಆದ ಮೇಲೆ. ಆದರೆ ಹೊಣೆ ವಿಮೆಯ (ಬೇರೆಯವರಿಗಾದ ಹಾನಿಗೆ ಕಂಪನಿ ಕೊಡಬೇಕಾದ ಪರಿಹಾರವನ್ನು ಭರಿಸುವ ವಿಮೆ) ಪಾಲಿಸಿ ಸಾಮಾನ್ಯವಾಗಿ ಒಂದೊಂದು ವರ್ಷದ್ದು. ಇಷ್ಟು ವರ್ಷ ಹರಡಿಕೊಂಡ ಹಾನಿಯನ್ನು ಯಾವ ವರ್ಷದ ಲೆಕ್ಕಕ್ಕೆ ಬರೆಯುವುದು? ಜಗಳ ಇರುವುದು ಇಲ್ಲಿಯೇ.

ಅಮೆರಿಕದ ದೊಡ್ಡ ಕಂಪನಿಗಳು ಪ್ರತಿ ವರ್ಷಕ್ಕೂ ಹಲವು ಪಾಲಿಸಿ ಕೊಂಡಿದ್ದವು. ಕೆಳಗೆ ಪ್ರೈಮರಿ ಪಾಲಿಸಿ, ಅದರ ಮಿತಿ ಮುಗಿದ ಮೇಲೆ ಎಕ್ಸೆಸ್ ಪಾಲಿಸಿ, ಅದರ ಮೇಲೆ ಇನ್ನೊಂದು. ವಿಮಾ ಕಂಪನಿಗಳು ತಮ್ಮ ಹೊರೆಯ ಒಂದು ಭಾಗವನ್ನು ಮರುವಿಮೆಗೆ, ಅಂದರೆ ವಿಮಾ ಕಂಪನಿಗಳಿಗೇ ವಿಮೆ ಕೊಡುವವರಿಗೆ, ಕೊಟ್ಟಿದ್ದವು. 1966ರಲ್ಲಿ ಅಲ್ಲಿನ ಮಾದರಿ ಪಾಲಿಸಿಯ ಮಾತು ಬದಲಾಯಿತು. ದಿಢೀರ್ ಅಪಘಾತ ಮಾತ್ರವಲ್ಲ, ನಿಧಾನವಾಗಿ ಆಗುವ ಹಾನಿಯೂ ಸೇರಿತು. 1973ರ ಬೋರೆಲ್ ತೀರ್ಪು ಕಲ್ನಾರು ದಾವೆಗಳಿಗೆ ಬಾಗಿಲು ತೆರೆಯಿತು. 1982ರಲ್ಲಿ ಕಲ್ನಾರು ವಸ್ತು ತಯಾರಿಸುತ್ತಿದ್ದ ಜಾನ್ಸ್-ಮ್ಯಾನ್ವಿಲ್ ಕಂಪನಿ ದಿವಾಳಿ ಕೋರ್ಟಿಗೆ ಹೋಯಿತು.

ಅಷ್ಟರಲ್ಲಿ ಎರಡು ದಾರಿ ಹುಟ್ಟಿಕೊಂಡಿದ್ದವು. 1980ರ ಫಾರ್ಟಿ-ಎಯ್ಟ್ ಇನ್ಸುಲೇಷನ್ಸ್ ತೀರ್ಪು, ಧೂಳು ತಾಗಿದ ವರ್ಷಗಳಿಗೆಲ್ಲ ಹಣವನ್ನು ಹಂಚಿ ಎಂದಿತು. ವಿಮೆ ಇಲ್ಲದ ವರ್ಷದ ಪಾಲು ಕಂಪನಿಯದೇ. 1981ರ ಕೀನ್ ತೀರ್ಪಿನ ಮಾತು ಬೇರೆ: ಧೂಳು ತಾಗಿದಾಗಿನಿಂದ ರೋಗ ಕಾಣಿಸಿಕೊಳ್ಳುವವರೆಗಿನ ಯಾವ ಪಾಲಿಸಿಯನ್ನಾದರೂ ಕಂಪನಿಯೇ ಆರಿಸಿಕೊಳ್ಳಬಹುದು. ಆ ವಿಮೆಯವರು ತಮ್ಮ ಮಿತಿಯವರೆಗೆ ಪೂರ್ತಿ ಕೊಡಬೇಕು, ಆಮೇಲೆ ಉಳಿದವರ ಹತ್ತಿರ ಪಾಲು ಕೇಳಬೇಕು.

ವ್ಯತ್ಯಾಸ ಎಷ್ಟು ದೊಡ್ಡದು ಅಂತ ಒಂದು ಲೆಕ್ಕ ನೋಡಿ. ಹಾನಿ 10 ವರ್ಷದ್ದು, ಒಟ್ಟು 50 ಲಕ್ಷ ಡಾಲರ್. ಪ್ರತಿ ವರ್ಷದ ಪ್ರೈಮರಿ ಮಿತಿ 10 ಲಕ್ಷ ಎಂದುಕೊಳ್ಳಿ. ಹಂಚಿದರೆ ವರ್ಷಕ್ಕೆ 5 ಲಕ್ಷ. ಪ್ರೈಮರಿಯಲ್ಲೇ ಮುಗಿಯಿತು, ಎಕ್ಸೆಸ್‌ನವರು ಕಿಸೆಗೆ ಕೈ ಹಾಕಬೇಕಿಲ್ಲ. ಒಂದೇ ವರ್ಷಕ್ಕೆ ಹಾಕಿದರೆ ಪ್ರೈಮರಿ 10 ಲಕ್ಷ, ಉಳಿದ 40 ಲಕ್ಷ ಎಕ್ಸೆಸ್ ಮೇಲೆ. ಹಾನಿ ಅದೇ, ಕೊಡುವವರು ಬೇರೆ. ಇಷ್ಟಕ್ಕೆ ವರ್ಷಗಟ್ಟಲೆ ವಾದ ನಡೆದದ್ದು ಆಶ್ಚರ್ಯವಲ್ಲ, ಅಲ್ವಾ?

ರಾಜ್ಯಗಳ ಕೋರ್ಟುಗಳು ಒಂದೊಂದು ದಿಕ್ಕು ಹಿಡಿದವು. ನ್ಯೂಜೆರ್ಸಿ 1994ರಲ್ಲಿ ವರ್ಷ ಮತ್ತು ಮಿತಿ ಎರಡನ್ನೂ ನೋಡಿ ಹಂಚಿತು. ನ್ಯೂಯಾರ್ಕ್ 2002ರಲ್ಲಿ ಕಾಲದ ಲೆಕ್ಕದಲ್ಲಿ ಹಂಚಿತು. ಆದರೆ 2016ರ ವೈಕಿಂಗ್ ಪಂಪ್ ಪ್ರಕರಣದಲ್ಲಿ, ಪಾಲಿಸಿಯಲ್ಲಿದ್ದ ಒಂದು ಷರತ್ತಿನ ಕಾರಣಕ್ಕೆ, ಅದೇ ನ್ಯೂಯಾರ್ಕ್ ಒಂದೇ ಪಾಲಿಸಿಯಿಂದ ಪೂರ್ತಿ ಪಡೆಯಲು ಒಪ್ಪಿತು. ಕ್ಯಾಲಿಫೋರ್ನಿಯಾ 2020ರ ಮಾಂಟ್ರೋಸ್ ತೀರ್ಪಿನಲ್ಲಿ, ಆರಿಸಿಕೊಂಡ ವರ್ಷದ ಕೆಳಗಿನ ಪಾಲಿಸಿ ಮುಗಿದರೆ ಸಾಕು, ಎಲ್ಲ ವರ್ಷಗಳ ಕೆಳಗಿನವೂ ಮುಗಿಯಲಿ ಎಂದು ಕಾಯಬೇಕಿಲ್ಲ ಎಂದಿತು.

ವಿಮೆ ಇಲ್ಲದ ವರ್ಷಗಳ ವಿಷಯ ಇನ್ನೂ ಕಷ್ಟದ್ದು. 1980ರ ದಶಕದ ನಡುವಿನಿಂದ ಕಲ್ನಾರಿಗೆ ವಿಮೆ ಸಿಗುವುದೇ ಬಹುತೇಕ ನಿಂತಿತು. ಸಿಗದ ವಿಮೆಯ ಪಾಲನ್ನು ಕಂಪನಿ ಮೇಲೆ ಹಾಕಬಾರದು ಎಂದು ನ್ಯೂಜೆರ್ಸಿ ನೋಡಿತು. ಹಾಕಬಹುದು ಎಂದು ನ್ಯೂಯಾರ್ಕ್ 2018ರಲ್ಲಿ ಹೇಳಿತು. ಪಾಲಿಸಿಯ ಅಕ್ಷರ ನೋಡಿದರೆ ಅದೂ ಸರಿಯೇ. ಆದರೆ ಕಂಪನಿ ದಿವಾಳಿಯಾಗಿದ್ದರೆ ಆ ಪಾಲು ಯಾರಿಂದಲೂ ಬರದೆ ಹೋಗಬಹುದು. ಆಗ ಕೊರತೆ ಬೀಳುವುದು ಕೆಮ್ಮುತ್ತಾ ಕೂತವನಿಗೆ. ಪಾಲಿಸಿ ಪದರಗಳ ವಾದದಲ್ಲಿ ಈ ಮಾತು ಬಹಳ ಕಡಿಮೆ ಕೇಳಿಸುತ್ತದೆ.

ಮರುವಿಮೆಯಲ್ಲಿ ಇದೇ ಪ್ರಶ್ನೆ ಮತ್ತೆ ಏಳುತ್ತದೆ. ವಿಮಾ ಕಂಪನಿ ಹಂಚಿದ ರೀತಿ ನ್ಯಾಯಯುತವಾಗಿದ್ದರೆ ಮರುವಿಮೆಯವರು ಒಪ್ಪಬೇಕು ಎಂಬುದು 2013ರ ನ್ಯೂಯಾರ್ಕ್ ತೀರ್ಪಿನ ತಿರುಳು. ಇಂಗ್ಲೆಂಡಿನಲ್ಲಿ ಮೆಸೊಥೆಲಿಯೋಮಾ (ಕಲ್ನಾರಿನಿಂದ ಬರುವ ಕ್ಯಾನ್ಸರ್) ರೋಗಿಗೆ ಯಾವುದೇ ಒಂದು ವರ್ಷದ ಮಾಲೀಕರ ಹೊಣೆ ವಿಮೆಯಿಂದ ಪೂರ್ತಿ ಪರಿಹಾರ ಸಿಗುವ ವ್ಯವಸ್ಥೆ ಇದೆ. ರೋಗಿಯ ದೃಷ್ಟಿಯಿಂದ ಇದು ಒಳ್ಳೆಯದು. ಹಾಗೆ ಕೊಟ್ಟ ವಿಮಾ ಕಂಪನಿಯೊಂದು, ಮರುವಿಮೆಯಲ್ಲೂ ತನಗೆ ಬೇಕಾದ ಒಂದೇ ವರ್ಷಕ್ಕೆ ಇಡೀ ಹಣ ಬರೆಯಲು ಹೊರಟಿತು. 2019ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಬೇಡ ಎಂದಿತು. ಎಲ್ಲ ವರ್ಷಗಳಿಗೂ ಹಂಚಬೇಕು. ಹೀಗೆ ಹಂಚಿದಾಗ ಪ್ರತಿ ವರ್ಷದ ಪಾಲು ಚಿಕ್ಕದಾಗುತ್ತದೆ. ವಿಮಾ ಕಂಪನಿ ಮೊದಲು ತಾನೇ ಭರಿಸಬೇಕಾದ ಮೊತ್ತವನ್ನು ಅದು ದಾಟದಿದ್ದರೆ, ಆ ವರ್ಷಕ್ಕೆ ಮರುವಿಮೆಯಿಂದ ಬರುವುದು ಏನೂ ಇಲ್ಲ.